ರಕ್ತ ಪರೀಕ್ಷೆ: ಯಂತ್ರಕ್ಕೆ ತಿಳಿಯುವುದೇನು, ತಿಳಿಯದಿರುವುದೇನು?

ಪೋತ್ನಾಳದಂಥ ಊರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಕೆಲವೊಮ್ಮೆ ಮಾನ್ವಿಗೋ, ಸಿಂಧನೂರಿಗೋ, ರಾಯಚೂರಿಗೋ ಹೋಗಿ ಪರೀಕ್ಷೆಯಾಗಬೇಕಾಗುತ್ತದೆ. ಸಂಜೆ ಕೈಗೆ ಬರುವ ವರದಿಯಲ್ಲಿ ಅಂಕಿಗಳು ಅಚ್ಚುಕಟ್ಟಾಗಿ ಮುದ್ರಣಗೊಂಡಿರುತ್ತವೆ. 'ಕಂಪ್ಯೂಟರ್ ರಿಪೋರ್ಟ್' ಎಂದ ಮೇಲೆ ತಪ್ಪಿರಲಾರದು ಎಂಬುದು ಹಲವರ ನಂಬಿಕೆ. ಈ ನಂಬಿಕೆ ಎಷ್ಟು ಸರಿ?

ಹಿಂದೆ ತಂತ್ರಜ್ಞರು ಗಾಜಿನ ಪಿಪೆಟ್ಟಿನಿಂದ ಸೀರಂ ಅಳೆದು, ರಾಸಾಯನಿಕ ಬೆರೆಸಿ, ಬಣ್ಣವನ್ನು ಹೋಲಿಸಿ ನೋಡುತ್ತಿದ್ದರು. ಈ ಕೆಲಸವನ್ನು ಯಂತ್ರಕ್ಕೆ ವಹಿಸಿದವರು ಅಮೆರಿಕದ ಲಿಯೊನಾರ್ಡ್ ಸ್ಕೆಗ್ಸ್. ಅವರು ರೂಪಿಸಿದ 'ಆಟೊ ಅನಲೈಸರ್' ಅನ್ನು ಟೆಕ್ನಿಕಾನ್ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದಿತು. ಸಣ್ಣ ಕೊಳವೆಯೊಂದರಲ್ಲಿ ರೋಗಿಗಳ ಮಾದರಿಗಳು ಒಂದರ ಹಿಂದೊಂದು ಹರಿಯುತ್ತಿದ್ದವು. ಅವು ಬೆರೆಯದಂತೆ ನಡುವೆ ಗಾಳಿಗುಳ್ಳೆಗಳನ್ನು ಬಿಡಲಾಗುತ್ತಿತ್ತು.

ಇಂದಿನ ಯಂತ್ರಗಳಲ್ಲಿ ಪ್ರತಿ ಮಾದರಿಗೂ ಪ್ರತ್ಯೇಕ ಬಟ್ಟಲು ಇರುತ್ತದೆ. ಟ್ಯೂಬುಗಳನ್ನು ಹೊತ್ತ ತಟ್ಟೆ ತಿರುಗಿ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಸೂಜಿಯಂಥ ನಳಿಕೆ ಕೆಳಗಿಳಿದು, ದ್ರವ ತಗುಲಿದ್ದನ್ನು ಅರಿತು, ಕೆಲವೇ ಮೈಕ್ರೊಲೀಟರ್ ಸೀರಂ ಹೀರಿಕೊಳ್ಳುತ್ತದೆ. ಮಿಲಿಲೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರೊಲೀಟರ್. ಇಷ್ಟು ನಿಖರ ಚಲನೆಗೆ ಕಾರಣ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ತಿರುಗುವ ಸ್ಟೆಪ್ಪರ್ ಮೋಟಾರು. ನಳಿಕೆ ಜಾಗ ತಪ್ಪಿದರೆ ಸೀರಂ ಬದಲು ಗಾಳಿಯನ್ನು ಹೀರಬಹುದು. ಆದ್ದರಿಂದ ಯಂತ್ರ ತನ್ನ ಮೂಲಸ್ಥಾನವನ್ನು ಆಗಾಗ ಪರೀಕ್ಷಿಸಿಕೊಳ್ಳುತ್ತದೆ. ಕೊನೆಗೆ ಬಟ್ಟಲಿನ ಮೂಲಕ ಬೆಳಕು ಹಾಯಿಸಿ, ಬಣ್ಣದ ಗಾಢತೆಯಿಂದ ಸಕ್ಕರೆ, ಯೂರಿಯಾ ಮುಂತಾದವುಗಳ ಪ್ರಮಾಣವನ್ನು ಲೆಕ್ಕ ಹಾಕುತ್ತದೆ.

ಆದರೆ ಟ್ಯೂಬು ತನ್ನ ಬಳಿ ಬರುವ ಮುನ್ನ ಏನಾಯಿತೆಂಬುದು ಯಂತ್ರಕ್ಕೆ ತಿಳಿಯದು. ರಕ್ತಕಣಗಳು ಟ್ಯೂಬಿನೊಳಗೂ ಜೀವಂತವಾಗಿದ್ದು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಸೀರಂ ಬೇರ್ಪಡಿಸದೆ ಹಾಗೇ ಇಟ್ಟರೆ ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು ಸಕ್ಕರೆ ಕಡಿಮೆಯಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಇಳಿಕೆ ಹೆಚ್ಚು. ರಾಯಚೂರು ಸೀಮೆಯ ಬೇಸಿಗೆಯನ್ನು ನೆನೆಸಿಕೊಳ್ಳಿ! ಖಾಲಿ ಹೊಟ್ಟೆಯಲ್ಲಿ 130 ಇದ್ದ ಸಕ್ಕರೆ ಎರಡು ಗಂಟೆಗಳಲ್ಲಿ 120ಕ್ಕಿಂತ ಕೆಳಗಿಳಿಯಬಹುದು. ಸಕ್ಕರೆ ಕಾಯಿಲೆಯ ಗಡಿ 126. ಹೀಗೆ ಕಾಯಿಲೆ ಇದ್ದವರಿಗೂ 'ಇಲ್ಲ' ಎಂಬ ವರದಿ ಬಂದೀತು. ಇದನ್ನು ತಡೆಯಲೆಂದೇ ಫ್ಲೋರೈಡ್ ಇರುವ, ಬೂದು ಮುಚ್ಚಳದ ಟ್ಯೂಬನ್ನು ಬಳಸುತ್ತಾರೆ. ಸೀರಂ ಅಥವಾ ಪ್ಲಾಸ್ಮಾವನ್ನು ಬೇಗ ಬೇರ್ಪಡಿಸುವುದು ಇನ್ನೂ ಉತ್ತಮ. ಹಾಗೆಯೇ, ಕುಲುಕಾಟದಲ್ಲಿ ಕೆಂಪು ರಕ್ತಕಣಗಳು ಒಡೆದರೆ ಪೊಟ್ಯಾಸಿಯಂ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಮಾದರಿಯನ್ನು ದೂರ ಸಾಗಿಸುವ ಬದಲು ಯಂತ್ರವನ್ನೇ ಹತ್ತಿರ ತರುವುದು ಇನ್ನೊಂದು ದಾರಿ. ಬೆಂಗಳೂರಿನ ಬಿಗ್‌ಟೆಕ್ ಮತ್ತು ಗೋವಾದ ಮೋಲ್ಬಯೊ ಸಂಸ್ಥೆಗಳ 'ಟ್ರೂನ್ಯಾಟ್' ಇದಕ್ಕೆ ಉದಾಹರಣೆ. ಬ್ಯಾಟರಿಯಿಂದಲೂ ನಡೆಯುವ ಈ ಸಣ್ಣ ಯಂತ್ರ ಕಫದಲ್ಲಿ ಕ್ಷಯರೋಗದ ರೋಗಾಣುವನ್ನು ಸುಮಾರು ಒಂದು ಗಂಟೆಯಲ್ಲಿ ಪತ್ತೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದರ ಬಳಕೆಗೆ ಶಿಫಾರಸು ಮಾಡಿತು.

ಓದುಗರು ಗಮನಿಸಬೇಕಾದದ್ದು ಇಷ್ಟು:

* ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನನ್ನೂ ತಿನ್ನಬಾರದು. ಚಹಾ ಕೂಡ ಬೇಡ; ನೀರು ಕುಡಿಯಬಹುದು.
* ರಕ್ತ ತೆಗೆಯುವಾಗ ಮುಷ್ಟಿಯನ್ನು ಪದೇ ಪದೇ ಬಿಗಿಯಬೇಡಿ. ಇದರಿಂದಲೂ ಪೊಟ್ಯಾಸಿಯಂ ಏರಿದಂತೆ ಕಾಣುತ್ತದೆ.
* ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆದದ್ದನ್ನು ನೋಡಿಯೇ ಹೊರಡಿ.
* ರಕ್ತ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗುತ್ತದೆಂದು ಕೇಳಲು ಸಂಕೋಚ ಬೇಡ.
* ವರದಿಯ ಅಂಕಿಗೂ ನಿಮ್ಮ ಸ್ಥಿತಿಗೂ ತಾಳೆಯಾಗದಿದ್ದರೆ ವೈದ್ಯರಿಗೆ ತಿಳಿಸಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಒಂದೇ ವರದಿ ನಂಬಿ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ.