ಗೆರೆ ಕಾಣದ ಕರಾರು

ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ ಎಚ್.ಎ.ಎಲ್. ಕಾರ್ಖಾನೆಗಳನ್ನು ಕಂಡಾಗಲೆಲ್ಲ ನನಗೊಂದು ಒಪ್ಪಂದದ ನೆನಪಾಗುತ್ತದೆ. 1996ರ ನವೆಂಬರ್ 29ರಂದು, ನಮ್ಮ ನಾಡಿನವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, ಭಾರತವೂ ಚೀನವೂ ದೆಹಲಿಯಲ್ಲಿ ಅದಕ್ಕೆ ಸಹಿ ಹಾಕಿದವು. ವಾಸ್ತವ ನಿಯಂತ್ರಣ ರೇಖೆಯ ಬಳಿ ಸೈನ್ಯ, ಟ್ಯಾಂಕು, ದೊಡ್ಡ ಫಿರಂಗಿಗಳು ಮಿತಿಯಲ್ಲಿರಬೇಕು. ಎರಡು ಕಿಲೊಮೀಟರಿನೊಳಗೆ ಗುಂಡು ಹಾರಿಸಕೂಡದು. ಪೂರ್ವಾನುಮತಿಯಿಲ್ಲದೆ ಹತ್ತು ಕಿಲೊಮೀಟರಿನೊಳಗೆ ಸಶಸ್ತ್ರ ಹೆಲಿಕಾಪ್ಟರು ಹಾರಕೂಡದು. ಹಿಮಾಲಯದ ಎತ್ತರಕ್ಕೆಂದೇ ಬೆಂಗಳೂರಿನಲ್ಲಿ ರೂಪುಗೊಂಡ ‘ಪ್ರಚಂಡ’ಕ್ಕೂ ಈ ಕಟ್ಟಳೆ ಸಲ್ಲುತ್ತದೆ.

ಆದರೆ ರೇಖೆ ಎಲ್ಲಿದೆ? ಮಿತಿಯ ಅಂಕೆಯನ್ನು ಮುಂದಿನ ಮಾತುಕತೆಗೆ ಬಿಟ್ಟರು. ರೇಖೆ ಸ್ಪಷ್ಟವಾಗದೆ ಕೆಲವು ಷರತ್ತುಗಳು ಪೂರ್ಣವಾಗಿ ನಡೆಯಲಾರವೆಂದು ಹತ್ತನೆಯ ವಿಧಿಯೇ ಒಪ್ಪುತ್ತದೆ. 2000ದಲ್ಲಿ ಮಧ್ಯವಲಯದ ನಕ್ಷೆಗಳಷ್ಟೇ ಕೈಬದಲಾದವು. ಎಲ್ಲೆಕಲ್ಲು ನೆಡದೆ ಹೊಲ ಹಂಚಿಕೊಂಡ ದಾಯಾದಿಗಳ ಪಾಡು ಇದು.

2020ರ ಜೂನ್ 15ರ ರಾತ್ರಿ ಗಾಲ್ವಾನಿನಲ್ಲಿ ಗುಂಡು ಹಾರಲಿಲ್ಲ. ಕರಾರಿನ ಅಕ್ಷರ ಉಳಿಯಿತು. ಆದರೂ ನಮ್ಮ 20 ಯೋಧರು ಮಡಿದರು. ಸೆಪ್ಟೆಂಬರಿನಲ್ಲಿ, 45 ವರ್ಷಗಳ ಬಳಿಕ, ಗುಂಡೂ ಹಾರಿತು.

2024ರ ಅಕ್ಟೋಬರಿನಲ್ಲಿ ಗಸ್ತಿನ ಬಗೆಗೆ ಒಂದು ತಿಳಿವಳಿಕೆ ಮೂಡಿತು. ಅದು ಒಳ್ಳೆಯದೇ, ಆದರೆ ಸಾಲದು. ಈ ಕರಾರನ್ನು ಹರಿದೆಸೆಯಿರೆನ್ನುವವರೊಡನೆ ನಾನು ಸೇರಲಾರೆ. ಅದರಲ್ಲಿ ಬಿಟ್ಟುಹೋದ ಅಂಕೆಯನ್ನೂ ಗೆರೆಯನ್ನೂ ತುಂಬುವುದೇ ಮಡಿದವರಿಗೆ ನಾವು ತೀರಿಸಬೇಕಾದ ಋಣ.