ಮತ್ಸ್ಯವಿನೋದವೂ ಅದರ ಧರ್ಮವೂ

ಮೂವತ್ತು ವರ್ಷಕಾಲ ಸಂಸ್ಕೃತ ಪಾಠ ಹೇಳಿ ವಿಶ್ರಾಂತನಾದ ಉಪಾಧ್ಯಾಯನೊಬ್ಬನು ಗಾಳ ಹಾಕುವ ವಿಚಾರವನ್ನು ಬರೆಯಹೊರಟನೆಂದರೆ ವಾಚಕರಲ್ಲಿ ಅನೇಕರು ಮುಗುಳ್ನಗುವರೆಂಬುದನ್ನು ನಾವು ಬಲ್ಲೆವು. ನಮ್ಮ ಮನೆಯಲ್ಲಿ ಮೀನು ತಿನ್ನುವ ಪದ್ಧತಿಯಿಲ್ಲ. ಆದರೂ ಕಾವೇರೀತೀರದ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಕಾರಣ, ಬಿದಿರುಕೋಲು, ದಾರ, ಬೆಂಡು ಇವುಗಳ ಮೋಹವು ನಮಗೆ ಎಂಟನೆಯ ವಯಸ್ಸಿನಿಂದಲೇ ಅಂಟಿತು. ನಮ್ಮ ತೀರ್ಥರೂಪರು ಒಮ್ಮೆ ಹೊಳೆಯ ದಂಡೆಯಲ್ಲಿ ನಮ್ಮನ್ನು ಕಂಡು, ಗದರಿಸದೆ, “ತಿನ್ನುವವನಲ್ಲ, ಮಾರುವವನಲ್ಲ, ಹಿಡಿಯುವುದು ಯಾತಕ್ಕಪ್ಪ?” ಎಂದು ಕೇಳಿದರು. ಆ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಒಂದು ರೀತಿಯಲ್ಲಿ ತಡವಾಗಿ ಕೊಟ್ಟ ಉತ್ತರ.

ಈ ವಿನೋದವು ಪರದೇಶದಿಂದ ಬಂದ ದೊರೆಗಳ ಹವ್ಯಾಸವೆಂದು ಅನೇಕರ ಭಾವನೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದವನು. ಆತನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವೇ ಇದೆ. ಸಮುದ್ರದ ಮೀನು ಯಾವುದು, ನದಿಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂತಹ ಆಹಾರ ಹಿತ, ದಾರವೂ ಗಾಳವೂ ಕೋಲೂ ಹೇಗಿರಬೇಕು ಎಂಬುದನ್ನೆಲ್ಲ ಅರಸನು ಅಲ್ಲಿ ವಿವರಿಸಿದ್ದಾನೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ವಿಚಾರವಾಗಿ ಬರೆದು ವಿದ್ವಾಂಸರ ಗಮನವನ್ನು ಇತ್ತ ಸೆಳೆದರು. ಗಾಳಕ್ಕೆ ಸಂಸ್ಕೃತದಲ್ಲಿ ‘ಬಡಿಶ’ವೆಂದೂ, ಅದಕ್ಕೆ ಚುಚ್ಚುವ ತಿನಿಸಿಗೆ ‘ಆಮಿಷ’ವೆಂದೂ ಹೆಸರು. ಇಂದು ನಾವು ಚುನಾವಣೆಯ ಸಂಬಂಧವಾಗಿ ಆಡುವ ‘ಆಮಿಷ ಒಡ್ಡಿದರು’ ಎಂಬ ಮಾತಿಗೆ ಮೂಲವಾದದ್ದು ಈ ಶಬ್ದವೇ. ಕನ್ನಡದಲ್ಲಿ ಅದಕ್ಕೆ ‘ಎರೆ’ಯೆಂದು ಹೆಸರು, ಹೊಲದ ಎರೆಹುಳುವನ್ನು ಗಾಳಕ್ಕೆ ಚುಚ್ಚದ ಹಳ್ಳಿಯ ಹುಡುಗನುಂಟೇ?

ಇನ್ನು ನಮ್ಮ ಹೊಳೆಯ ಮೀನಿನ ವಿಚಾರ. ಕಾವೇರಿಯ ಮಹಶೀರ್ ಮೀನನ್ನು ದಂಡೆಯ ಜನ ಬಿಳಿಮೀನು ಎನ್ನುತ್ತಾರೆ. ಬಾಯಿಯಲ್ಲಿ ಹಲ್ಲಿಲ್ಲ, ಗಂಟಲೊಳಗೆ ಇದೆ. ತುಟಿ ದಪ್ಪ, ಹುರುಪೆ ಅಂಗೈಯಗಲ. ನೀರಿಗೆ ಬಿದ್ದ ಹಣ್ಣು, ಬಸವನಹುಳು, ಏಡಿ, ಸಣ್ಣ ಮೀನು ಎಲ್ಲವನ್ನೂ ತಿನ್ನುತ್ತದೆ. ಬಂಡೆಗಳ ನಡುವೆ ರಭಸದಿಂದ ಹರಿಯುವ ನೀರಿನಲ್ಲಿ ಇದು ಗಾಳ ಕಚ್ಚಿ ಓಡತೊಡಗಿದರೆ ನೂರು ಮಾರು ದಾರ ಕಣ್ಣೆದುರಿಗೇ ಬಿಚ್ಚಿಹೋಗುವುದು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಗಾಳಗಾರರ ಲೋಕದಲ್ಲಿ ಕಾವೇರಿಯ ಹೆಸರು ಇಂಗ್ಲೆಂಡಿನವರೆಗೆ ಹಬ್ಬಿದ್ದು ಈ ಮೀನಿನಿಂದ.

ಉಪಾಧ್ಯಾಯ ವೃತ್ತಿಗೆ ಸೇರಿದ ಮೇಲೆ, ರಜದ ದಿನಗಳಲ್ಲಿ, ಶಿವನಸಮುದ್ರದಿಂದ ಕೆಳಗಿನ ಹೊಳೆಗೆ ಸ್ನೇಹಿತರೊಬ್ಬರೊಡನೆ ಹೋಗುವುದು ನಮ್ಮ ವಾಡಿಕೆಯಾಯಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿಗಳಲ್ಲಿ ಆ ಕಾಲದಲ್ಲಿ ಅಪ್ಪಣೆ ಪಡೆದವರು ಗಾಳ ಹಾಕಿ, ಹಿಡಿದ ಮೀನನ್ನು ಮತ್ತೆ ಹೊಳೆಗೆ ಬಿಡುವ ಪದ್ಧತಿಯಿತ್ತು. ನಮ್ಮನ್ನು ಕರೆದೊಯ್ಯುತ್ತಿದ್ದವನು ಎಪ್ಪತ್ತರ ಆಚೆಯ ಮುದುಕ; ಹರಿಗೋಲಜ್ಜನೆಂದೇ ಅವನನ್ನು ಎಲ್ಲರೂ ಕರೆಯುತ್ತಿದ್ದರು. ಅಕ್ಷರ ಬಾರದು, ಆದರೆ ನೀರಿನ ಮೇಲಣ ಸುಳಿಯನ್ನು ನೋಡಿ ಕೆಳಗಿನ ಬಂಡೆಯನ್ನು ಹೇಳಬಲ್ಲವನಾಗಿದ್ದನು. ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಮತ್ತೆ ನಾದುವನು. ಮುದ್ದೆಗಿಂತ ಗಟ್ಟಿಯಾಗಿರಬೇಕು, ಹೊಳೆಯ ಸೆಳೆತಕ್ಕೆ ಬಿಟ್ಟುಕೊಳ್ಳಬಾರದು ಎಂಬುದೇ ಅದರ ಹದ. ಕಾವೇರಿಯ ದೊಡ್ಡ ಮೀನಿಗೆ ನಾವು ಕಂಡ ಎರೆಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ.

1999ರ ಬೇಸಗೆಯ ಒಂದು ಮಧ್ಯಾಹ್ನ. ಗಾಳ ಹಾಕಿ ಮೂರು ಗಂಟೆ ಕಳೆದಿತ್ತು. ರೀಲು ಒಮ್ಮೆಗೇ ಕಿರುಚಿತು. ಮುಕ್ಕಾಲು ಗಂಟೆಯ ಸೆಣಸಾಟದ ಮೇಲೆ ದಡಕ್ಕೆ ಬಂದ ಮೀನನ್ನು ಕಂಡು ಹರಿಗೋಲಜ್ಜನು ಮಾತಿಲ್ಲದೆ ನಿಂತನು. ಬೆನ್ನು ಗೂನಾಗಿ ಎದ್ದಿತ್ತು, ಮೈ ಹೊಸ ಹಿತ್ತಾಳೆಯ ಬಣ್ಣ, ರೆಕ್ಕೆಗಳು ಕೆಂಪಗಿದ್ದವು. “ಇಂಥದ್ದು ಈಗ ಬರೋದೇ ಇಲ್ಲ ಸ್ವಾಮಿ, ಬಿಟ್ಬಿಡಿ” ಎಂದನು. ಬಿಡುವುದೆಂದು ನಾವೂ ನಿಶ್ಚಯಿಸಿದ್ದೆವು. ಆದರೆ ಸ್ನೇಹಿತರ ಕ್ಯಾಮೆರಾ ಬಿಡಾರದಲ್ಲಿ ಉಳಿದಿತ್ತು. ಶಾಲೆಯ ಸಹೋದ್ಯೋಗಿಗಳು ನಂಬುವರೋ ಇಲ್ಲವೋ ಎಂಬ ಅಲ್ಪ ಚಿಂತೆ ನಮ್ಮನ್ನು ಹಿಡಿಯಿತು. ಅವರು ಓಡಿಹೋಗಿ ತರುವವರೆಗೆ ಮೀನನ್ನು ಬಿಸಿಲಿನ ಮರಳ ಮೇಲೆ ಒದ್ದೆ ಚೀಲ ಹೊದಿಸಿ ಇಟ್ಟೆವು. ಬಂದರು, ಒಂದು ಚಿತ್ರವಾಯಿತು, ಎತ್ತಿ ಹಿಡಿದು ಇನ್ನೊಂದಾಯಿತು, ದವಡೆಯಲ್ಲಿ ಬೆರಳಿಟ್ಟು ತೂಗುಹಾಕಿ ಮತ್ತೊಂದಾಯಿತು. ಅನಂತರ ನೀರಿಗೆ ಬಿಟ್ಟೆವು. ಅದು ಎರಡು ಮೊಳ ಹೋಗಿ, ಪಕ್ಕಕ್ಕೆ ವಾಲಿ, ಬಿಳಿಯ ಹೊಟ್ಟೆಯನ್ನು ಮೇಲೆ ಮಾಡಿತು. ಅಜ್ಜನು ಹೊಳೆಗಿಳಿದು, ಅದನ್ನು ಎದೆಗಾನಿಸಿಕೊಂಡು ಬಹಳ ಹೊತ್ತು ನೀರಿನೊಳಗೇ ನಿಂತಿದ್ದನು. ಫಲವಾಗಲಿಲ್ಲ.

“ಬಿಟ್ಟೆವಲ್ಲ ಅಜ್ಜಾ” ಎಂದೆವು, ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳಲು.

“ನೀವು ಬಿಟ್ರಿ ಮೇಷ್ಟ್ರೇ. ಅದು ಹೋಗ್ಲಿಲ್ಲ” ಎಂದನು.

ಆ ಚಿತ್ರಗಳನ್ನು ನಾವು ಯಾರಿಗೂ ತೋರಿಸಲಿಲ್ಲ. ಎರಡು ವರ್ಷ ಗಾಳವನ್ನೂ ಮುಟ್ಟಲಿಲ್ಲ. ಮತ್ತೆ ಮುಟ್ಟಿದಾಗ, ಅಂದಿನ ತಪ್ಪೇನೆಂಬುದನ್ನು ಕೇಳಿಯೂ ಓದಿಯೂ ತಿಳಿದುಕೊಂಡೇ ಮುಟ್ಟಿದೆವು. ಅದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಮೀನು ಉಸಿರಾಡುವುದು ಕಿವಿರಿನಿಂದ. ಕಿವಿರಿನ ತೆಳುವಾದ ಎಸಳುಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ ಪ್ರಾಣವಾಯುವನ್ನು ಹೀರುತ್ತವೆ. ಗಾಳಿಗೆ ಬಂದೊಡನೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಮುಕ್ಕಾಲು ಗಂಟೆ ಸೆಣಸಿ ದಣಿದ ಮೀನನ್ನು ನೀರಿನಿಂದೆತ್ತಿದರೆ, ಓಟದ ಪಂದ್ಯ ಮುಗಿಸಿದವನ ಬಾಯಿಮೂಗುಗಳನ್ನು ಮುಚ್ಚಿದಂತೆ. ಆದುದರಿಂದ ಮೀನನ್ನು ಎತ್ತುವಾಗ ಎತ್ತುವವನು ತನ್ನ ಉಸಿರನ್ನೂ ಬಿಗಿಹಿಡಿಯಬೇಕು. ತನಗೆ ಉಸಿರು ಬೇಕೆನಿಸಿದಾಗ ಮೀನನ್ನು ನೀರಿಗಿಳಿಸಬೇಕು. ಇದಕ್ಕಿಂತ ಸುಲಭವಾದ ಗಡಿಯಾರವಿಲ್ಲ. ಕ್ಯಾಮೆರಾ ಕೈಯಲ್ಲಿಲ್ಲದಿದ್ದರೆ ಚಿತ್ರವೂ ಬೇಡ.

ಬೆಚ್ಚಗಿನ ನೀರಿನಲ್ಲಿ ಪ್ರಾಣವಾಯುವು ಕಡಿಮೆ. ಬೇಸಗೆಯ ನಡುಹಗಲಿನಲ್ಲಿ ಗಾಳ ಹಾಕದಿರುವುದು ಲೇಸು. ಬೆಳಗ್ಗೆ, ಸಂಜೆ ಮೀನು ಕಚ್ಚುವುದೂ ಹೆಚ್ಚು. ಮೈಮೇಲಿನ ಲೋಳೆಯು ಮೀನಿಗೆ ಕವಚವಿದ್ದಂತೆ. ಒಣಗಿದ ಕೈ, ಬಟ್ಟೆ, ಬಿಸಿಮರಳು ಅದನ್ನು ಸುಲಿದುಬಿಡುತ್ತವೆ. ಕೈಯನ್ನು ಮೊದಲು ಒದ್ದೆ ಮಾಡಿಕೊಳ್ಳಬೇಕು. ದೊಡ್ಡ ಮೀನನ್ನು ದವಡೆಯಿಂದ ತೂಗುಹಾಕಿದರೆ ಅದರ ಭಾರವೇ ಅದರ ಒಳಗನ್ನು ಗಾಯಗೊಳಿಸುವುದು. ಒಂದು ಕೈಯನ್ನು ಹೊಟ್ಟೆಯಡಿಗೆ ಕೊಟ್ಟು ಅಡ್ಡಲಾಗಿ ಹಿಡಿಯಬೇಕು. ಬಿಡುವಾಗ ತಲೆಯು ಹರಿವಿಗೆ ಎದುರಾಗಿರಲಿ. ಬಾಲವನ್ನು ಬಲವಾಗಿ ಬೀಸಿ ತಾನಾಗಿ ಕೈಬಿಡಿಸಿಕೊಂಡು ಹೋಗುವವರೆಗೆ ಆಸರೆ ಕೊಟ್ಟು ಕಾಯಬೇಕು. ‘ಬಿಡುವುದು’ ಎಂದರೆ ಇಷ್ಟೆಲ್ಲವೂ ಕೂಡಿ.

ಸಲಕರಣೆಗಳ ವಿಚಾರದಲ್ಲಿ ಎರಡು ಮಾತು. ಹೊಸಬರು ಕೆರೆಯಿಂದ ಆರಂಭಿಸುವುದು ಉತ್ತಮ. ಎಂಟು ಹತ್ತು ಅಡಿಯ ಹಗುರವಾದ ಬಿದಿರುಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಬೆಂಡು, ಚಿಕ್ಕ ಗಾಳ, ಎರೆಹುಳು: ಇಷ್ಟು ಸಾಕು. ಗೆಂಡೆ, ಜಿಲೇಬಿ ಮೊದಲಾದ ಮೀನುಗಳು ಬೆಂಡನ್ನು ಹೇಗೆ ಎಳೆಯುತ್ತವೆಂಬುದನ್ನು ಕಣ್ಣು ಕಲಿತ ಮೇಲೆ ರೀಲಿನ ಕೋಲಿಗೆ ಹೋಗಬಹುದು. ಹೊಳೆಯ ದೊಡ್ಡ ಮೀನಿಗೆ ತೆಳ್ಳಗಿನ ದಾರ ಹಾಕುವುದು ಶೌರ್ಯವಲ್ಲ. ಸೆಣಸಾಟ ಉದ್ದವಾಗಿ ಮೀನು ಸಾಯುವುದು, ಇಲ್ಲವೇ ದಾರ ತುಂಡಾಗಿ ಗಾಳ ಬಾಯಲ್ಲೇ ಉಳಿಯುವುದು. ಗಾಳದ ತುದಿಯ ಹಿಂಬದಿಗೆ ಒಂದು ಹಿಮ್ಮುಳ್ಳಿರುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಬೇಕು. ದಾರವನ್ನು ಸಡಿಲಬಿಡದಿದ್ದರೆ ಮೀನೇನೂ ತಪ್ಪಿಸಿಕೊಳ್ಳುವುದಿಲ್ಲ. ಬಿಡಿಸುವಾಗ ಮಾತ್ರ ಗಾಳವು ಬೆಣ್ಣೆಯಿಂದ ಕೂದಲೆಳೆದಂತೆ ಬರುತ್ತದೆ. ಮನೆಯ ಮಕ್ಕಳ ಬೆರಳಿಗೆ ಚುಚ್ಚಿದಾಗಲೂ ಇದರ ಉಪಕಾರ ತಿಳಿಯುವುದು. ತುಂಡಾದ ದಾರವನ್ನು ದಂಡೆಯಲ್ಲಿ ಎಸೆಯಬಾರದು; ಹಕ್ಕಿಗಳ ಕಾಲಿಗೆ ಅದು ಉರುಲಾಗುತ್ತದೆ.

ಜೀವಭಯದ ಮಾತೂ ಒಂದಿದೆ. ಅಣೆಕಟ್ಟು, ವಿದ್ಯುದಾಗಾರಗಳಿರುವ ಹೊಳೆಯಲ್ಲಿ ಮಳೆಯಿಲ್ಲದಿದ್ದರೂ ನೀರು ಏರುತ್ತದೆ. ಹರಿಗೋಲಜ್ಜನು ಕುಳಿತೊಡನೆ ನೀರಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳುತ್ತಿದ್ದನು. ಕಲ್ಲು ಮುಳುಗತೊಡಗಿದರೆ, ಮೀನು ಕಚ್ಚಿದ್ದರೂ ಎದ್ದುಬಿಡುತ್ತಿದ್ದನು. ಕಾವೇರಿಯಲ್ಲಿ ಮೊಸಳೆಗಳುಂಟು; ಪಾಚಿಗಟ್ಟಿದ ಬಂಡೆಗಳುಂಟು. ಹರಿಗೋಲು ಹತ್ತುವವನು ತೇಲುವ ಅಂಗಿಯನ್ನು ತೊಟ್ಟೇ ಹತ್ತಬೇಕು.

ಈಗ ಮುಖ್ಯವಾದ ಸಂಗತಿ. ಅಂದು ನಮ್ಮ ಕೈಯಲ್ಲಿ ಸತ್ತದ್ದು ಎಂತಹ ಮೀನೆಂಬುದು ಬಹಳ ವರ್ಷಗಳ ಮೇಲೆ ನಮಗೆ ತಿಳಿಯಿತು. 1970ರ ದಶಕದಿಂದೀಚೆಗೆ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ನಾನಾ ಹೊಳೆಗಳಿಗೆ ಬಿಟ್ಟರು. ಕಾವೇರಿಗೂ ಅವು ಬಂದವು. ಗಾಲಿಬೋರೆಯ ಗಾಳಗಾರರು 1998ರಿಂದ 2012ರವರೆಗೆ ಹಿಡಿದು ಬಿಟ್ಟ ಪ್ರತಿಯೊಂದು ಮೀನನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ 6161 ಮಹಶೀರ್‌ಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ನೀಲಿ ರೆಕ್ಕೆಯವು ಹೆಚ್ಚುತ್ತ ಹೋದದ್ದೂ, ಗೂನುಬೆನ್ನಿನ ಹೊಂಬಣ್ಣದವು ಕ್ಷೀಣಿಸುತ್ತ ಹೋದದ್ದೂ ಬೆಳಕಿಗೆ ಬಂದಿತು. ಇಡೀ ಲೋಕದಲ್ಲಿ ಕಾವೇರಿ ಮತ್ತು ಅದರ ಉಪನದಿಗಳಿಗೆ ಮಾತ್ರ ಸೇರಿದ ಈ ಗೂನುಬೆನ್ನಿನ ಮೀನಿಗೆ ‘ಟಾರ್ ರೆಮಾದೇವಿ’ ಎಂಬುದೇ ಸರಿಯಾದ ಶಾಸ್ತ್ರೀಯ ನಾಮವೆಂದು ನಿಶ್ಚಯವಾದದ್ದು 2018ರಲ್ಲಿ. ಅಳಿವಿನ ಅತ್ಯಂತ ಹತ್ತಿರವಿರುವ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ನೂರೈವತ್ತು ವರ್ಷ ಗಾಳಗಾರರು ಕೊಂಡಾಡಿದ ಮೀನು, ಸರಿಯಾದ ಹೆಸರು ಪಡೆಯುವ ವೇಳೆಗೆ ಕಣ್ಮರೆಯಾಗುವ ಹಂತಕ್ಕೆ ಬಂದಿತ್ತು. ಹೊರಮೀನು ಮಾತ್ರವಲ್ಲ, ಅಣೆಕಟ್ಟು, ಮರಳುಗಣಿ, ಮಲಿನ ನೀರು, ಸಿಡಿಮದ್ದಿನಿಂದ ಮೀನು ಕೊಲ್ಲುವ ದುಷ್ಟತನ ಇವೆಲ್ಲವೂ ಕಾರಣಗಳೇ.

ಕಾವೇರಿ ವನ್ಯಜೀವಿಧಾಮದೊಳಗೆ ಈ ವಿನೋದವು 2012ರ ವೇಳೆಗೆ ನಿಂತುಹೋಯಿತು. ಪ್ರಾಣಿಗೆ ನೋವುಂಟುಮಾಡಿ ಸಂತೋಷಪಡುವುದೇ ತಪ್ಪೆಂದು ಕೆಲವರ ವಾದ. ಗಾಳಗಾರರು ದಂಡೆಯಲ್ಲಿದ್ದರೆ ಸಿಡಿಮದ್ದಿನವರು ಬರುವುದಿಲ್ಲವೆಂದು ಕೆಲವರ ಪ್ರತಿವಾದ. ಎರಡರಲ್ಲಿಯೂ ಸತ್ಯವುಂಟು. ನಮ್ಮ ಮಟ್ಟಿಗೆ, ವನ್ಯಜೀವಿಧಾಮದಲ್ಲಿ ಗಾಳ ಕೂಡದು. ಬೇರೆಡೆ ಮೀನುಗಾರಿಕೆ ಇಲಾಖೆಯ ಅಪ್ಪಣೆಯಿಲ್ಲದೆ ಕೂಡದು. ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಹೋಗುವ ಮೀನಿಗೆ ಎಲ್ಲಿಯೂ ಕೂಡದು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಭಕ್ತರು ಪುರಿ ಹಾಕಿ ಸಾಕುವ ಮೀನುಗಳನ್ನು ನೋಡಿದವರಿಗೆ, ಕಾಪಾಡಿದರೆ ಹೊಳೆಯು ಎಷ್ಟನ್ನು ಕೊಡಬಲ್ಲುದೆಂಬುದು ತಾನಾಗಿ ತಿಳಿಯುತ್ತದೆ.

ಕಳೆದ ಬೇಸಗೆ ರಜದಲ್ಲಿ ತಂಗಿಯ ಮೊಮ್ಮಗನು ಹಟಮಾಡಿ ನಮ್ಮೊಡನೆ ಕೆರೆಗೆ ಬಂದನು. ವಯಸ್ಸು ಒಂಬತ್ತು. ಅವನ ಬೆಂಡು ಮುಳುಗಿತು. ಗೇಣುದ್ದದ ಗೆಂಡೆಮರಿ ಮೇಲೆ ಬಂದಿತು. “ಅಜ್ಜಾ, ಅಮ್ಮನಿಗೆ ತೋರಿಸಿ ಆಮೇಲೆ ಬಿಡೋಣ” ಎಂದನು. ಮನೆ ಅರ್ಧ ಮೈಲಿ. ನಮಗೆ ಒಂದು ಕ್ಷಣ ಬಿಸಿಮರಳಿನ ಮೇಲಿನ ಆ ಹೊಂಬಣ್ಣದ ಮೈ ಕಾಣಿಸಿತು. “ಮೂಗು ಹಿಡಿದುಕೋ. ಎಷ್ಟು ಹೊತ್ತು ಇರಬಲ್ಲೆಯೋ ಅಷ್ಟು ಹೊತ್ತು ನೋಡು” ಎಂದೆವು. ಮೂಗು ಹಿಡಿದನು, ಕಣ್ಣರಳಿಸಿ ಮೀನನ್ನು ನೋಡಿದನು, ಮುಖ ಕೆಂಪಾಗುತ್ತಲೇ ತಾನೇ ಬಾಗಿ ಅದನ್ನು ನೀರಿನಲ್ಲಿಟ್ಟನು. ಅದು ಬಾಲ ಬೀಸಿ ಹೋಯಿತು. ಸಂಜೆ ತಾಯಿಗೆ ಅವನು ಅದರ ಕಣ್ಣು, ಮೀಸೆ, ಹುರುಪೆಗಳನ್ನು ವರ್ಣಿಸಿದಷ್ಟು ನಿಖರವಾಗಿ ಯಾವ ಚಿತ್ರವೂ ತೋರಿಸಲಾರದು.

ಶತಪಥ ಬ್ರಾಹ್ಮಣದಲ್ಲಿ, ಕೈತೊಳೆಯುವ ನೀರಿನಲ್ಲಿ ಸಿಕ್ಕಿದ ಪುಟ್ಟ ಮೀನನ್ನು ಮನುವು ಗಡಿಗೆಯಲ್ಲಿಟ್ಟು, ಗುಂಡಿಯಲ್ಲಿಟ್ಟು, ಕೊನೆಗೆ ಕಡಲಿಗೆ ಬಿಟ್ಟನೆಂಬ ಕಥೆಯನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದೇವೆ. ಹಿಡಿಯುವುದು ಯಾತಕ್ಕೆಂದು ತೀರ್ಥರೂಪರು ಕೇಳಿದ್ದಕ್ಕೆ, ಹೊಳೆಯಲ್ಲಿ ಏನಿದೆಯೆಂದು ತಿಳಿಯುವುದಕ್ಕೆ, ತಿಳಿದದ್ದನ್ನು ಉಳಿಸುವುದಕ್ಕೆ ಎಂದು ಇಂದು ಹೇಳಬಲ್ಲೆವು. ಗಾಳದ ಚೀಲದಲ್ಲಿ ನಾವು ಈಗ ಒಂದು ಸಣ್ಣ ಪುಸ್ತಕವನ್ನೂ ಪೆನ್ಸಿಲನ್ನೂ ಇಡುತ್ತೇವೆ. ದಿನ, ಸ್ಥಳ, ಮೀನಿನ ಜಾತಿ, ಉದ್ದ, ಅದು ಈಜಿಹೋಯಿತೋ ಇಲ್ಲವೋ ಎಂಬುದನ್ನು ಬರೆಯುತ್ತೇವೆ. ಮೊದಲನೆಯ ಪುಟದಲ್ಲಿ 1999ರ ಆ ಮೀನು ಇದೆ. ಕೊನೆಯ ಅಂಕಣದಲ್ಲಿ ‘ಹೋಗಲಿಲ್ಲ’ ಎಂದಿದೆ. ಈ ವಿನೋದದಲ್ಲಿ ಆಸಕ್ತಿಯುಳ್ಳ ವಾಚಕರೂ ಅಂತಹದೊಂದು ಪುಸ್ತಕವನ್ನು ಇಡಬೇಕೆಂದು ನಮ್ಮ ಪ್ರಾರ್ಥನೆ.