ಫೋಟೋ ತಿದ್ದಲು ಯಾವ ಆ್ಯಪ್?

ನೊಣವಿನಕೆರೆ ನಮ್ಮೂರು. ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ. ಎತ್ತ ನೋಡಿದರೂ ತೆಂಗಿನ ತೋಟ. ಮನೆ ಮನೆಯ ಅಟ್ಟದಲ್ಲೂ ಕಾಯಿ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತರೆ ಉಂಡೆ ಕೊಬ್ಬರಿ ಆಗುತ್ತದೆ. ಇದನ್ನು ನಾವು ನಿಮಗೆ ಹೇಳಿಕೊಡಬೇಕಾಗಿಲ್ಲ. ನೀವೇ ನಮಗೆ ಹೇಳಿಕೊಡಬೇಕು.

ನಾವು ಹೇಳಹೊರಟದ್ದು ಬೇರೆ ವಿಷಯ. ಈಗ ಮನೆಗೊಂದು ಫೋನ್ ಬಂದಿದೆ. ಫೋನಿನಲ್ಲಿ ಕ್ಯಾಮೆರಾ ಇದೆ. ಸಂಘದ ಅಕ್ಕಂದಿರು ಕೊಬ್ಬರಿ ಎಣ್ಣೆ, ಕೊಬ್ಬರಿ ಮಿಠಾಯಿ ಮಾಡಿ, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಅರ್ಜಿಗೆ ಫೋಟೋ ಬೇಕು. ಮಗಳ ಮದುವೆ ಮಾತುಕತೆಗೆ ಫೋಟೋ ಬೇಕು. ತೆಗೆದ ಫೋಟೋ ಒಂದು ಸಲ ಕಪ್ಪಾಗಿರುತ್ತದೆ. ಇನ್ನೊಂದು ಸಲ ಓರೆಯಾಗಿರುತ್ತದೆ. ಹಿಂದೆ ಕೋಳಿ ಓಡುತ್ತಿರುತ್ತದೆ. ಆಗ ಕೇಳುತ್ತೀರಿ:

"ಮೇಡಮ್ಮೋರೇ, ಫೋಟೋ ಚೆಂದ ಮಾಡೋಕೆ ಯಾವ ಆ್ಯಪ್ ಹಾಕ್ಕೋಬೇಕು?"

ಪ್ಲೇ ಸ್ಟೋರಿನಲ್ಲಿ ಹುಡುಕಿದರೆ ರಾಶಿ ರಾಶಿ ಬರುತ್ತವೆ. ಎಲ್ಲವೂ ನಾನೇ ಚೆಂದ ಅನ್ನುತ್ತವೆ. ಸಂತೆಯಲ್ಲಿ ಸೀರೆ ಆರಿಸಿದ ಹಾಗೆ ಕಣ್ಣು ಕತ್ತಲೆ ಬರುತ್ತದೆ. ಆದರೆ ಸಂತೆಗೆ ಹೋಗುವ ಮುಂಚೆ ಮನೆಯ ಪೆಟ್ಟಿಗೆಯಲ್ಲಿ ಏನಿದೆ ಅಂತ ನೋಡಿಕೊಳ್ಳುತ್ತೀರಲ್ಲವೆ? ಇಲ್ಲೂ ಹಾಗೇ ಮಾಡೋಣ.

ಫೋನಿನಲ್ಲೇ ಇರುವುದು

ಫೋನಿನಲ್ಲಿ ಫೋಟೋ ತೆರೆಯಿರಿ. ಕೆಳಗೆ ಪೆನ್ಸಿಲ್ ಗುರುತು, ಇಲ್ಲವೆ 'ಎಡಿಟ್' ಅನ್ನುವ ಮಾತು ಕಾಣುತ್ತದೆ. ಎಡಿಟ್ ಅಂದರೆ ತಿದ್ದುವುದು. ಅದನ್ನು ಒತ್ತಿ. 'ಕ್ರಾಪ್' ಅಂದರೆ ಅಂಚು ಕತ್ತರಿಸುವುದು. ಕೋಳಿ ಹೋಯಿತು. ತಿರುಗಿಸುವ ಗುರುತು ಇದೆ. ಓರೆ ನೆಟ್ಟಗಾಯಿತು. 'ಬ್ರೈಟ್‌ನೆಸ್' ಅಂದರೆ ಬೆಳಕು. ಅದನ್ನು ಬೆರಳಲ್ಲಿ ಬಲಕ್ಕೆ ಎಳೆದರೆ ಫೋಟೋ ಬೆಳ್ಳಗಾಗುತ್ತದೆ. ಎಡಕ್ಕೆ ಎಳೆದರೆ ಕಪ್ಪಾಗುತ್ತದೆ. ಕೊನೆಗೆ 'ಸೇವ್'. 'ಸೇವ್ ಕಾಪಿ' ಅಂತ ಇದ್ದರೆ ಅದನ್ನೇ ಒತ್ತಿ. ಆಗ ಮೊದಲಿನ ಫೋಟೋ ಹಾಗೇ ಉಳಿಯುತ್ತದೆ, ತಿದ್ದಿದ್ದು ಬೇರೆ ಇರುತ್ತದೆ.

ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಮುಗಿಯುತ್ತದೆ. ಇದಕ್ಕೆ ದುಡ್ಡಿಲ್ಲ. ಹೊಸ ಆ್ಯಪ್ ಬೇಕಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಅಂತ ಮಾಡಿಕೊಂಡರೆ ಎಷ್ಟೋ ಮಾತು ಕನ್ನಡದಲ್ಲೇ ಬರುತ್ತವೆ. ಅಕ್ಷರ ಕಲಿತಿದ್ದೀರಿ, ಓದಿ ನೋಡಿ.

ಬಲ್ಬಿನ ಕೆಳಗೆ ತೆಗೆದರೆ ಬಿಳಿ ಕೊಬ್ಬರಿಯೂ ಹಳದಿ ಕಾಣುತ್ತದೆ. ಅದನ್ನು ತಿದ್ದುತ್ತಾ ಕೂರುವುದಕ್ಕಿಂತ ಬೆಳಗ್ಗೆ ಎಂಟರ ಹೊತ್ತಿಗೆ ಜಗಲಿಗೆ ತಂದು ತೆಗೆಯಿರಿ. ನೆರಳಿರಬೇಕು, ಬೆಳಕೂ ಇರಬೇಕು. ತಿದ್ದುವ ಕೆಲಸ ಅರ್ಧ ಉಳಿಯಿತು.

ಒಬ್ಬ ಅಕ್ಕ ಎಣ್ಣೆ ಬಾಟಲಿಯ ಫೋಟೋ ತೆಗೆದರು. ಬೆಳಕು ಎಳೆದರು, ಇನ್ನೂ ಎಳೆದರು. ಎಣ್ಣೆ ನೀರಿನ ಹಾಗೆ ತಿಳಿಯಾಯಿತು. ಬೆಂಗಳೂರಿಂದ ಆರ್ಡರ್ ಬಂತು. ಬಾಟಲಿ ಹೋಯಿತು. ಮೂರನೇ ದಿನ ಫೋನ್ ಬಂತು: "ಫೋಟೋದಲ್ಲಿ ಇದ್ದದ್ದೇ ಬೇರೆ, ನೀವು ಕಳಿಸಿದ್ದೇ ಬೇರೆ." ಎಣ್ಣೆ ಒಳ್ಳೆಯದೇ. ಗಾಣದ ಎಣ್ಣೆಗೆ ಒಂದಿಷ್ಟು ಬಣ್ಣ ಇರುತ್ತದೆ. ಫೋಟೋದಿಂದ ಹೆಸರು ಕೆಟ್ಟಿತು. ಈಗ ಆ ಅಕ್ಕ ಬಾಟಲಿಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಎರಡನ್ನೂ ನೋಡಿ ನೋಡಿ ಬೆಳಕು ಎಳೆಯುತ್ತಾರೆ.

ಹೊಸ ಆ್ಯಪ್ ಬೇಕೇ ಬೇಕು ಅಂದರೆ

ಮೊದಲು ಕೇಳಿಕೊಳ್ಳಿ: ನನಗೆ ಏನು ಕೆಲಸ ಆಗಬೇಕು?

ಫೋಟೋದ ಒಂದು ಮೂಲೆ ಮಾತ್ರ ಬೆಳಗಬೇಕು, ಗೋಡೆಯ ಕಲೆ ತೆಗೆಯಬೇಕು ಅಂದರೆ ಸ್ನ್ಯಾಪ್‌ಸೀಡ್ ಅನ್ನುವ ಆ್ಯಪ್ ಇದೆ. ಗೂಗಲ್ ಕಂಪನಿಯವರು ಅದನ್ನು 2012ರಲ್ಲಿ ಕೊಂಡುಕೊಂಡರು. ಅದು ದುಡ್ಡು ಕೇಳುವುದಿಲ್ಲ. ನಡುನಡುವೆ ಜಾಹೀರಾತು ಬರುವುದಿಲ್ಲ. ಕಲಿಯುವವರಿಗೆ ನಾವು ಮೊದಲು ಹೇಳುವುದು ಇದನ್ನೇ.

ಫೋಟೋದ ಮೇಲೆ 'ಶುದ್ಧ ಕೊಬ್ಬರಿ ಎಣ್ಣೆ' ಅಂತ ಬರೆಯಬೇಕು, ಬೆಲೆ ಹಾಕಬೇಕು ಅಂದರೆ ಕ್ಯಾನ್ವಾ ಇದೆ. ಆಸ್ಟ್ರೇಲಿಯಾ ದೇಶದ ಕಂಪನಿ, 2013ರಲ್ಲಿ ಶುರುವಾಯಿತು. ಕನ್ನಡದಲ್ಲಿ ಬರೆಯಬಹುದು. ಅದರಲ್ಲಿ ಕೆಲವು ಚಿತ್ರ ಬಿಟ್ಟಿ, ಕೆಲವಕ್ಕೆ ದುಡ್ಡು. ಕಿರೀಟದ ಗುರುತು ಇದ್ದರೆ ದುಡ್ಡಿನದು. ಅದನ್ನು ಮುಟ್ಟಬೇಡಿ.

ಫೋಟೋಶಾಪ್ ಹೆಸರು ಕೇಳಿರುತ್ತೀರಿ. ಅಡೋಬಿ ಕಂಪನಿಯದು, 1990ರಲ್ಲಿ ಬಂತು. ಸ್ಟುಡಿಯೋದವರು ಮದುವೆ ಆಲ್ಬಂ ಮಾಡುವುದು ಇಂಥದ್ದರಲ್ಲೇ. ಮೊದಲು ಒಂದೇ ಸಲ ಕೊಳ್ಳಬಹುದಿತ್ತು. 2013ರಿಂದ ಬಾಡಿಗೆ ಮನೆಯ ಹಾಗೆ, ಹೊಸದು ಬೇಕಾದರೆ ದುಡ್ಡು ಕಟ್ಟುತ್ತಲೇ ಇರಬೇಕು. ಕಲಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಎಣ್ಣೆ ಬಾಟಲಿಯ ಫೋಟೋಗೆ ಇದು ಬೇಡ. ಒಂದು ಕಾಯಿ ಸುಲಿಯಲು ಜೆಸಿಬಿ ತಂದ ಹಾಗಾಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇದ್ದು, ಮಗನೋ ಮಗಳೋ ಕಲಿಯಲು ಹಟ ಹಿಡಿದರೆ 'ಜಿಂಪ್' ಅನ್ನುವುದನ್ನು ಹಾಕಿಕೊಡಿ. ಅದು ಪೂರ್ತಿ ಬಿಟ್ಟಿ. ಅಮೆರಿಕದ ಇಬ್ಬರು ಕಾಲೇಜು ಹುಡುಗರು 1995ರಲ್ಲಿ ಶುರುಮಾಡಿದ್ದು, ಇವತ್ತಿಗೂ ನಡೆಯುತ್ತಿದೆ.

ಅರ್ಜಿಗೆ ಫೋಟೋ ಹಾಕುವಾಗ 'ಇಷ್ಟು ಕೆಬಿ ಮಾತ್ರ' ಅಂತ ಕೇಳುತ್ತಾರೆ. ಕೆಬಿ ಅಂದರೆ ಫೋಟೋದ ತೂಕ ಅಂದುಕೊಳ್ಳಿ. ಸುಮಾರು ಸಾವಿರ ಕೆಬಿ ಸೇರಿದರೆ ಒಂದು ಎಂಬಿ. ಫೋನಿನ ಫೋಟೋ ಮೂರು ನಾಲ್ಕು ಎಂಬಿ ತೂಗುತ್ತದೆ. ಅದನ್ನು ಇಳಿಸಬೇಕು. ಅಂಚು ಕತ್ತರಿಸಿದರೆ ಒಂದಿಷ್ಟು ಇಳಿಯುತ್ತದೆ. 'ರೀಸೈಜ್' ಮಾಡಿದರೆ ಇನ್ನಷ್ಟು ಇಳಿಯುತ್ತದೆ. ರೀಸೈಜ್ ಅಂದರೆ ಅಳತೆ ಚಿಕ್ಕದು ಮಾಡುವುದು. ಕಂಪ್ಯೂಟರಿನ ಪೇಂಟ್‌ನಲ್ಲೂ ಇದು ಆಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ತಾನಾಗಿಯೇ ತೂಕ ಕಳೆದುಕೊಳ್ಳುತ್ತದೆ. ಸ್ಟುಡಿಯೋಗೆ ದೊಡ್ಡದಾಗಿ ಹಾಕಿಸಲು ಕಳಿಸುವಾಗ ಫೋಟೋವನ್ನು 'ಡಾಕ್ಯುಮೆಂಟ್' ಅಂತ ಕಳಿಸಿ. ಆಗ ತೂಕ ಇಳಿಯುವುದಿಲ್ಲ.

ಬಿಟ್ಟಿ ಅಂತ ಬರೆದಿತ್ತಲ್ಲ?

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಒಂದು ಆ್ಯಪ್ ಹಾಕಿಕೊಂಡರು. 'ಏಳು ದಿನ ಬಿಟ್ಟಿ' ಅಂತಿತ್ತು. ಏನೋ ಒತ್ತಿದರು. ಪಿನ್ ಕೇಳಿತು. ಹಾಕಿದರು. ಎಂಟನೇ ದಿನ ಎರಡು ದಿನದ ಕೂಲಿ ಹೋಯಿತು. ಗಾಬರಿಯಾಗಿ ಆ್ಯಪನ್ನೇ ತೆಗೆದು ಹಾಕಿದರು. ಮುಂದಿನ ತಿಂಗಳು ಮತ್ತೆ ಅಷ್ಟೇ ದುಡ್ಡು ಹೋಯಿತು!

ಯಾಕೆ? ಆ್ಯಪ್ ತೆಗೆದರೆ ಕರಾರು ಹೋಗುವುದಿಲ್ಲ. ಕರಾರನ್ನು ಬೇರೆಯಾಗಿ ಮುರಿಯಬೇಕು. ಪ್ಲೇ ಸ್ಟೋರ್ ತೆರೆಯಿರಿ. ಮೇಲೆ ಮೂಲೆಯಲ್ಲಿ ನಿಮ್ಮ ಗುರುತಿನ ಚಿಕ್ಕ ವೃತ್ತ ಇದೆ. ಅದನ್ನು ಒತ್ತಿ. 'ಪೇಮೆಂಟ್ಸ್, ಸಬ್‌ಸ್ಕ್ರಿಪ್ಷನ್ಸ್' ಅಂತ ಇರುತ್ತದೆ. ಅದರೊಳಗೆ ಆ್ಯಪಿನ ಹೆಸರು ಹುಡುಕಿ 'ಕ್ಯಾನ್ಸಲ್' ಒತ್ತಿ. ನಾವೂ ಆ ಅಕ್ಕನ ಜೊತೆ ಕೂತು ಆವತ್ತೇ ಇದನ್ನು ಕಲಿತೆವು. ಬಿಟ್ಟಿ ಸಾಮಾನಿಗೆ ಪಿನ್ ಯಾಕೆ ಬೇಕು ಅಂತ ಅವರ ಅತ್ತೆ ಕೇಳಿದರಂತೆ. ಅತ್ತೆಗೆ ಓದು ಬರುವುದಿಲ್ಲ. ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿತ್ತು.

ಆ್ಯಪ್ ಇನ್ನೂ ಒಂದು ಕೇಳುತ್ತದೆ: ಅನುಮತಿ. ಫೋಟೋ ತಿದ್ದುವ ಆ್ಯಪಿಗೆ ಫೋಟೋ ನೋಡಲು ಬಿಡಬೇಕು, ಸರಿ. ನಿಮ್ಮ ಮೆಸೇಜ್ ಓದುವುದು ಅದಕ್ಕೆ ಯಾಕೆ? ನೆಂಟರ ನಂಬರು ಯಾಕೆ? ಬೇಡ ಅನ್ನಿ. ಹೊಸ ಫೋನುಗಳಲ್ಲಿ 'ಆರಿಸಿದ ಫೋಟೋ ಮಾತ್ರ' ಅಂತಲೂ ಇರುತ್ತದೆ. 2020ರ ಜೂನ್‌ನಲ್ಲಿ ನಮ್ಮ ಸರ್ಕಾರ 59 ಆ್ಯಪ್‌ಗಳನ್ನು ನಿಲ್ಲಿಸಿತು. ಅದರಲ್ಲಿ ಮುಖ ಬೆಳ್ಳಗೆ ಮಾಡುವ ಆ್ಯಪ್‌ಗಳೂ ಇದ್ದವು. ಪಾಸ್‌ಬುಕ್ಕು, ಪಹಣಿ ಫೋಟೋ ತೆಗೆಯಲು ಜನ ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಕೂಡ ಇತ್ತು.

ಹೆಣ್ಣುಮಕ್ಕಳ ಮುಖ ತೆಗೆದು ಬೇರೆ ಚಿತ್ರಕ್ಕೆ ಅಂಟಿಸಿ ಹೆದರಿಸುವವರೂ ಇದ್ದಾರೆ. ಅಂಥದ್ದಾದರೆ ನಾಚಿಕೆ ಪಟ್ಟುಕೊಂಡು ಸುಮ್ಮನಿರಬೇಡಿ. ತಪ್ಪು ನಿಮ್ಮದಲ್ಲ. ದುಡ್ಡು ಕೊಡಬೇಡಿ. ಬಂದ ಮೆಸೇಜ್ ಅಳಿಸಬೇಡಿ, ಅದೇ ಸಾಕ್ಷಿ. ಪೊಲೀಸ್ ಠಾಣೆಗೆ ಹೋಗಿ. ಫೋನಿನಲ್ಲಿ ಮೋಸದಿಂದ ದುಡ್ಡು ಹೋದರೆ 1930 ನಂಬರಿಗೆ ಕೂಡಲೇ ಫೋನ್ ಮಾಡಿ.

ಅವ್ವನ ಫೋಟೋ

ಒಬ್ಬ ಅಕ್ಕ ಒಂದು ಹಳೇ ಫೋಟೋ ತಂದರು. ಕಪ್ಪು ಬಿಳುಪಿನದು. ತಿಪಟೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದಂತೆ. ಅವ್ವ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಇರುವುದು ಇದೊಂದೇ ಫೋಟೋ. ಮಳೆಗಾಲದ ತೇವ ಹಿಡಿದು ಅಂಚು ಕಲೆಯಾಗಿತ್ತು. ಕೆನ್ನೆಯ ಪಕ್ಕ ಒಂದು ಗೀರು. ಅದನ್ನು ಫೋನಿನಲ್ಲಿ ಫೋಟೋ ತೆಗೆದು, 'ಹಳೇದನ್ನು ಹೊಸದು ಮಾಡುವ' ಒಂದು ಆ್ಯಪಿಗೆ ಹಾಕಿದೆವು. ಒಂದು ನಿಮಿಷದಲ್ಲಿ ಬಣ್ಣದ ಫೋಟೋ ಬಂತು. ಕಣ್ಣು ಹೊಳೆಯುತ್ತಿತ್ತು. ನಮಗಂತೂ ಖುಷಿಯಾಯಿತು.

ಅಕ್ಕ ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಇವರು ಯಾರೋ. ನಮ್ಮವ್ವ ಅಲ್ಲ ಕಣ್ರೀ."

ಪಕ್ಕದಲ್ಲಿಟ್ಟು ನೋಡಿದೆವು. ಗಲ್ಲದ ಮೇಲಿದ್ದ ಹುಟ್ಟುಮಚ್ಚೆ ಹೋಗಿತ್ತು. ಮೂಗು ಚೂಪಾಗಿತ್ತು. ಇಂಥ ಆ್ಯಪ್ ಸಾವಿರಾರು ಮುಖ ನೋಡಿ ಕಲಿತಿರುತ್ತದೆ. ಫೋಟೋದಲ್ಲಿ ಮಸುಕಾದ ಕಡೆ ಏನಿತ್ತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಇದ್ದಿರಬಹುದು ಅಂತ ಊಹಿಸಿ ತುಂಬುತ್ತದೆ. ಅದು ತುಂಬಿದ್ದು ಬೇರೆ ಯಾರದೋ ಮೂಗು. ಹಿಂದೆ ಸ್ಟುಡಿಯೋದವರೂ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಟಚಿಂಗ್ ಮಾಡುತ್ತಿದ್ದರು. ಮೊಡವೆ, ಸುಕ್ಕು ತೆಗೆಯುತ್ತಿದ್ದರು. ಆದರೆ ಮುಖ ತಪ್ಪಿದರೆ ಅವರ ಎದುರಿಗೇ ನಿಂತು ಕೇಳಬಹುದಿತ್ತು.

ಆ ಬಣ್ಣದ ಫೋಟೋ ಅಳಿಸಿದೆವು. ಹಳೇ ಫೋಟೋವನ್ನು ಸ್ಟುಡಿಯೋಗೆ ಒಯ್ದು ಸ್ಕ್ಯಾನ್ ಮಾಡಿಸಿ ಫೋನಿಗೆ ಹಾಕಿಸಿಕೊಂಡೆವು. ಸ್ನ್ಯಾಪ್‌ಸೀಡಿನಲ್ಲಿ 'ಹೀಲಿಂಗ್' ಅಂತ ಇದೆ. ಬೆರಳಲ್ಲಿ ಕಲೆಯ ಮೇಲೆ ಸವರಿದರೆ, ಪಕ್ಕದ ಬಣ್ಣ ತಂದು ಮುಚ್ಚುತ್ತದೆ. ಅಕ್ಕನೇ ಸವರಿದರು. ಅಂಚಿನ ಕಲೆ ಹೋಯಿತು. ಕೆನ್ನೆಯ ಪಕ್ಕದ ಗೀರು ಹೋಯಿತು. ಮುಖದ ಹತ್ತಿರ ಬಂದಾಗ ಬೆರಳು ತೆಗೆದರು.

"ಇಷ್ಟು ಸಾಕು," ಅಂದರು. ಮಚ್ಚೆ ಇದ್ದಲ್ಲೇ ಇತ್ತು.